ಧಾರವಾಡವೂ ಅದರ ವಿದ್ಯಾಪೀಠವೂ

ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದ್ದು ಧಾರವಾಡದಲ್ಲಲ್ಲ, ನಾವಿರುವ ಈ ಮುಂಬಯಿಯಲ್ಲಿ ಎಂದರೆ ಕೆಲವು ವಾಚಕರಿಗೆ ಸೋಜಿಗವೆನಿಸಬಹುದು. 1949ರಲ್ಲಿ ಮುಂಬಯಿ ಪ್ರಾಂತದ ಕಾನೂನಿನಿಂದ ಅದು ಜನ್ಮತಾಳಿತು. ಅದರ ಕಚೇರಿಯು ಮೊದಲೊಂದು ವರುಷ ಇಲ್ಲಿಯೇ ಇದ್ದು, 1950ರ ಅಕ್ಟೋಬರದಲ್ಲಿ ಧಾರವಾಡಕ್ಕೆ ಹೋಯಿತು. ತೊಟ್ಟಿಲು ತೂಗಿದ್ದು ಇಲ್ಲಿ, ಬೆಳೆದದ್ದು ಅಲ್ಲಿ.

ಆದರೆ ಊರು ಅದಕ್ಕಾಗಿ ಬಹುಕಾಲದಿಂದ ಕಾದಿತ್ತು. ಕನ್ನಡ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿಯುತ್ತಿದ್ದ ದಿನಗಳಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಈ ಸೀಮೆಯಲ್ಲಿಯೇ. 1890ರಲ್ಲಿ ರಾ. ಹ. ದೇಶಪಾಂಡೆಯವರು ಇಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಇಷ್ಟಾದರೂ ಮೆಟ್ರಿಕ್ ಮುಗಿಸಿದ ಹುಡುಗನಿಗೆ ಊರಲ್ಲಿ ಮುಂದಿನ ದಾರಿಯಿರಲಿಲ್ಲ. ಪುಣೆಗೋ ಮುಂಬಯಿಗೋ ಹೋಗಬೇಕು. ಆಲೂರ ವೆಂಕಟರಾಯರೂ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದವರೇ. ಅನುಕೂಲವಿಲ್ಲದವರ ಓದು ಅಲ್ಲಿಗೇ ಮುಗಿಯಿತು. ಹೀಗೆ ನಿಂತುಹೋದ ಓದುಗಳ ಲೆಕ್ಕವನ್ನು ಯಾರು ಇಟ್ಟಾರು?

ಅಷ್ಟರಲ್ಲಿ ಊರಿಗೊಂದು ನಷ್ಟವಾಯಿತು. ಆ ನಷ್ಟವೇ ಲಾಭಕ್ಕೆ ಬಂತು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿಯು ಮದ್ರಾಸಿನ ರೈಲ್ವೆಯೊಡನೆ ಕೂಡಿದ ಮೇಲೆ ಕಚೇರಿಯು ಮದ್ರಾಸಿಗೆ ಹೋಯಿತು. ಸಾಹೇಬರೂ ಕಾರಕೂನರೂ ಹೊರಟರು. ಭವ್ಯವಾದ ಕಲ್ಲಿನ ಕಟ್ಟಡ ಹಿಂದೆ ಉಳಿಯಿತು. ಕಾಲೇಜು ಬೇಕಾದರೆ ಜನರೂ ಹಣ ಕೂಡಿಸಬೇಕಾಗಿತ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರು ಅದಕ್ಕೆ ಹೆಗಲು ಕೊಟ್ಟರು. 1917ರಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು; ರೈಲಿನವರು ಬಿಟ್ಟುಹೋದ ಕಟ್ಟಡವೇ ಅದರ ಮನೆಯಾಯಿತು. ರೈಲಿನ ಲೆಕ್ಕಪತ್ರ ಬರೆಯುತ್ತಿದ್ದಲ್ಲಿ ಹುಡುಗರು ಪಾಠ ಬರೆದುಕೊಳ್ಳಹತ್ತಿದರು.

ಕಾಲೇಜು ಬಂದರೂ ಪರೀಕ್ಷೆ, ಪದವಿಗಳೆಲ್ಲ ಮುಂಬಯಿ ವಿಶ್ವವಿದ್ಯಾನಿಲಯದವೇ. ನಾಲ್ಕು ಕನ್ನಡ ಜಿಲ್ಲೆಗಳಿಗೆ, ಅಂದರೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೆ, ತಮ್ಮದೇ ವಿದ್ಯಾಪೀಠವು ಸಿಕ್ಕಿದ್ದು ಸ್ವಾತಂತ್ರ್ಯ ಬಂದಮೇಲೆ. ರಾಜ್ಯ ಒಂದಾಗಲು ಇನ್ನೂ ಏಳು ವರುಷವಿತ್ತು. ಏಕೀಕರಣವು ಮೊದಲು ವಿದ್ಯೆಯಲ್ಲಾಯಿತು, ಆಮೇಲೆ ನಕಾಶೆಯಲ್ಲಾಯಿತು ಎಂದು ನನಗೆ ತೋರುತ್ತದೆ.

1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ದಾ. ಚಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತ ಓದಿದವರು, ಮುಂಬಯಿ ಸರಕಾರದ ವಿದ್ಯಾ ಇಲಾಖೆಯನ್ನು ನಡೆಸಿದವರು. ಊರ ಹೊರಗಿನ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇಂದು ಕಾಣುವ ವಿದ್ಯಾಪೀಠವು ಮುಖ್ಯವಾಗಿ ಅವರ ಕಾಲದ್ದು. ಗುಡ್ಡದ ಮೇಲೆ ವಿದ್ಯಾಪೀಠ, ಕೆಳಗೆ ಊರು. ನಡುವೆ ಖಾನಾವಳಿಗಳು, ಬಾಡಿಗೆಯ ಕೋಣೆಗಳು, ಜೋಳದ ರೊಟ್ಟಿಯ ಬುತ್ತಿ. ಹಳ್ಳಿಯ ರೈತನ ಮಗನು ಎಂ. ಎ. ಎನಿಸಿಕೊಂಡದ್ದು ಈ ಖಾನಾವಳಿಗಳ ಬಲದಿಂದಲೂ ಹೌದು!

ಆದರೆ ಊರಿನ ವಿದ್ಯೆಯೆಲ್ಲ ಗುಡ್ಡದ್ದೇ ಎನ್ನುವುದು ಸಲ್ಲದು. ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರದು, ಕನ್ನಡ ಸಂಶೋಧನ ಸಂಸ್ಥೆ 1939ರದು. ಎರಡೂ ವಿದ್ಯಾಪೀಠಕ್ಕಿಂತ ಹಿರಿಯವು. ಸಂಶೋಧನ ಸಂಸ್ಥೆಯು ಮುಂದೆ ವಿದ್ಯಾಪೀಠವನ್ನೇ ಸೇರಿತು. ಸಾಧನಕೇರಿಯ ಬೇಂದ್ರೆಯವರೋ, 1944ರಿಂದ 1956ರವರೆಗೆ ಪಾಠ ಹೇಳಿದ್ದು ಸೊಲ್ಲಾಪುರದಲ್ಲಿ. ಊರಿಗೆ ಇದು ಅಷ್ಟೇನೂ ಹೆಮ್ಮೆಯ ಮಾತಲ್ಲ.

ರಾಜ್ಯ ಬೆಳೆದಂತೆ ವಿದ್ಯಾಪೀಠದ ಸೀಮೆ ಕಿರಿದಾಯಿತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿ ಬೇರೆ ವಿದ್ಯಾಪೀಠಗಳನ್ನು ಪಡೆದವು. ತಮ್ಮ ಊರಲ್ಲೇ ವಿದ್ಯೆ ಬೇಕೆಂದು ಒಂದು ಕಾಲಕ್ಕೆ ಧಾರವಾಡದವರು ಕೇಳಿದ್ದನ್ನೇ ಅವರೂ ಕೇಳಿದರು, ಅದರಲ್ಲಿ ದೂರುವುದೇನಿದೆ?

ಊರೂ ಗುಡ್ಡವೂ ಒಂದಾಗಿ ಅತ್ತದ್ದು 2015ರ ಆಗಸ್ಟ್ 30ರಂದು. ಈ ವಿದ್ಯಾಪೀಠದಲ್ಲಿಯೇ ಓದಿ, ಇಲ್ಲಿಯೇ ಕಲಿಸಿ, ವಚನಗಳಿಗೂ ಶಾಸನಗಳಿಗೂ ಆಯುಷ್ಯ ಸವೆಸಿದ ಎಂ. ಎಂ. ಕಲಬುರ್ಗಿಯವರನ್ನು ಆ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. ಬಾಗಿಲು ತಟ್ಟಿದವರನ್ನು ಒಳಗೆ ಕರೆಯುವುದು ಆ ಊರಿನ ರೂಢಿ.