ಚಿತ್ರಕಲಾ ಶಿಕ್ಷಕರ ತರಬೇತಿ: ನಕಲು, ರೂಢಿ ಮತ್ತು ಸೃಜನಶೀಲತೆ

ನಮ್ಮ ಶಾಲೆಗಳನ್ನು ಚಿತ್ರಕಲೆಯು ಪ್ರವೇಶಿಸಿದುದು ಕಲೆಯ ರೂಪದಲ್ಲಲ್ಲ, ಕೈಗಾರಿಕೆಗೆ ಬೇಕಾದ ಕೌಶಲದ ರೂಪದಲ್ಲಿ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಮದರಾಸಿನಲ್ಲಿ ಆರಂಭಿಸಿದ ಕಲಾಶಾಲೆಯೂ 1857ರ ಮುಂಬಯಿಯ ಜೆ.ಜೆ. ಕಲಾಶಾಲೆಯೂ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯ ಪ್ರಭಾವದಲ್ಲಿ ಬೆಳೆದವು. ಜ್ಯಾಮಿತೀಯ ಆಕೃತಿಗಳನ್ನೂ ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನೂ ನೋಡಿ ತಪ್ಪಿಲ್ಲದೆ ಬರೆಯುವುದು ಆ ಪದ್ಧತಿಯ ತಿರುಳು. ಅದೇ ಮುಂದೆ 'ಡ್ರಾಯಿಂಗ್ ಮಾಸ್ತರ'ರ ಅರ್ಹತೆಯ ಅಳತೆಗೋಲಾಯಿತು. ಮೈಸೂರಿನಲ್ಲಿ 1906ರಲ್ಲಿ ವೇಲ್ಸ್ ರಾಜಕುಮಾರರು ಶಂಕುಸ್ಥಾಪನೆ ಮಾಡಿದ ಸಂಸ್ಥೆಗೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಎಂಬ ಹೆಸರು ಬಂದುದು ಆಕಸ್ಮಿಕವೆನಿಸದು.

ನಿಖರತೆಗೆ ಅದರದೇ ಸ್ಥಾನವುಂಟು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದೊಡನೆ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಆಸರೆಯಲ್ಲಿ ವಿಮಾನಪುರ ರೂಪುಗೊಂಡಿತು. 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ 'ಮರುತ್' ಯುದ್ಧವಿಮಾನದ ನಕಾಶೆಯಲ್ಲಿ ಒಂದು ಗೆರೆಯೂ ಅತ್ತಿತ್ತ ಸರಿಯುವಂತಿರಲಿಲ್ಲ. ಆದರೆ ಅಲ್ಲಿನ ನಕಾಶೆಗಾರನಿಗೆ ತಕ್ಕ ಶಿಸ್ತನ್ನೇ ಮಕ್ಕಳಿಗೆ ಚಿತ್ರ ಕಲಿಸುವವರಿಗೂ ಸಾಕೆಂದು ಬಗೆದುದು ವಿಪರ್ಯಾಸ.

ಇದಕ್ಕೆ ಪ್ರತಿಯಾಗಿ ಕಟ್ಟಳೆಯೇ ಇಲ್ಲದ ಸ್ವಾತಂತ್ರ್ಯವನ್ನು ಸೃಜನಶೀಲತೆಯೆಂದು ಪ್ರತಿಪಾದಿಸುವವರಿದ್ದಾರೆ. ಜಾನಪದವು ಈ ಮಾತನ್ನು ಒಪ್ಪುವುದಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಬರೆಯುತ್ತಾರೆ. ಎಳೆಗಳ ಕ್ರಮ ರೂಢಿಯಿಂದ ಬಂದದ್ದು. ತಾಯಿ, ಅಜ್ಜಿಯರ ಪಕ್ಕದಲ್ಲಿ ಕುಳಿತು ಕಲಿತದ್ದು. ಆದರೂ ಎದುರಿಗೆ ಮಾದರಿಯ ಹಾಳೆಯಿಲ್ಲ. ನೆನಪಿನಿಂದ ಬರೆಯುವ ಕೈ ಪ್ರತಿ ಗೋಡೆಯ ಅಳತೆಗೂ ಸಂದರ್ಭಕ್ಕೂ ತಕ್ಕಂತೆ ಹೊಸದಾಗಿ ನಿರ್ಧರಿಸಬೇಕು. ರೂಢಿ ಬೇರೆ, ನಕಲು ಬೇರೆ. ತರಬೇತಿಯ ಪಾಠಪಟ್ಟಿ ಈ ವ್ಯತ್ಯಾಸವನ್ನು ಗುರುತಿಸಲೇ ಇಲ್ಲ.

ಅದನ್ನು ಅರಿತವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕೆ. ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ಅ.ನ. ಸುಬ್ಬರಾಯರ ಕಲಾಮಂದಿರ 1919ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು, ಆರ್.ಎಂ. ಹಡಪದರು ಕೆನ್ ಕಲಾಶಾಲೆಯನ್ನು ಕಟ್ಟಿದರು. 1960ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಮಾಡಿದ ತೊಗಲುಗೊಂಬೆಗಳ ಸಂಗ್ರಹ ಮತ್ತು ಅಧ್ಯಯನವಂತೂ ಜಾನಪದ ವಿದ್ಯಾರ್ಥಿಗಳಿಗೆ ಇಂದಿಗೂ ಆಕರ. ಆದರೆ ಸಂಗ್ರಹಾಲಯಕ್ಕೆ ಬಂದದ್ದು ಗೊಂಬೆ. ಅದನ್ನು ಕೊರೆದು ಕುಣಿಸುವ ಕಲಾವಿದ ಭಾವೀ ಶಿಕ್ಷಕರ ತರಗತಿಗೆ ಗುರುವಾಗಿ ಬರಲಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಸಿದ್ಧವಾದ ಕಲಾಶಿಕ್ಷಣದ ವರದಿಯು ಹತ್ತನೆಯ ತರಗತಿಯವರೆಗೂ ಕಲೆ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. ಅಂಥ ತರಗತಿಗೆ ಹೋಗುವ ಶಿಕ್ಷಕರನ್ನು ಸಿದ್ಧಗೊಳಿಸುವಾಗ, ಕನಿಷ್ಠ ಒಂದು ಅವಧಿಯನ್ನಾದರೂ ಅವರು ಹಸೆ ಬರೆಯುವವರ ಬಳಿ, ಮುಂದೆ ಮಾದರಿಯಿಲ್ಲದೆ ಕಲಿಯುವಂತಾಗಬೇಕು. ಹಸೆ ಬರೆಯುವಾಕೆಗೆ ಉಪನ್ಯಾಸಕರಷ್ಟೇ ಸಂಭಾವನೆಯೂ ಸಲ್ಲಬೇಕು.