ಲಕ್ಷ್ಮೀಬಾಯಿಯ ತವರು

ನಮ್ಮ ಹಳೆಯ ಮನೆತನಗಳ ವಂಶವೃಕ್ಷಗಳನ್ನು ಬಿಡಿಸಿ ನೋಡಿದರೆ ಗಂಡಸರ ಹೆಸರುಗಳು ಏಳೆಂಟು ತಲೆಯವರೆಗೆ ಸಾಲಾಗಿ ದೊರೆಯುತ್ತವೆ. ಹೆಂಗಸರ ಮಾತು ಬಂದರೆ 'ಇಂಥವರ ಪತ್ನಿ' ಎಂಬಲ್ಲಿಗೆ ಮುಗಿಯಿತು. (ಅಳಿಯಸಂತಾನದ ಕುಟುಂಬಗಳ ಕ್ರಮ ಬೇರೆ.) ನಮ್ಮ ವಿದ್ಯಾರ್ಥಿಗಳು ತಮ್ಮ ಮುತ್ತಜ್ಜಿಯ ತವರೂರು ಯಾವುದೆಂದು ಮನೆಯಲ್ಲಿ ಕೇಳಿ ನೋಡಲಿ, ಎಷ್ಟು ಮಂದಿಗೆ ಉತ್ತರ ಸಿಕ್ಕೀತು? ಹತ್ತೊಂಬತ್ತನೆಯ ಶತಮಾನದ ಹಳ್ಳಿಯ ಗೃಹಿಣಿಯೊಬ್ಬಳ ಚರಿತ್ರೆಯನ್ನು ಅರಸುವವರಿಗೆ ಇದೇ ಮೊದಲ ತೊಡಕು. ಪಂಡಿತಾ ರಮಾಬಾಯಿಯವರ ತಾಯಿ ಲಕ್ಷ್ಮೀಬಾಯಿಯ ವಿಷಯದಲ್ಲಿ ಅದು ಅರ್ಧ ಬಿಡಿಸಿದಂತಿದೆ. ಬಿಡಿಸಿದವರು ಮಗಳು.

ಗಂಡನ ಕಡೆಯ ಸಂಗತಿ ಸುಲಭ. ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಮನೆತನದವರು. ಕಾರ್ಕಳವೂ ಕಾಸರಗೋಡೂ ಅಂದು ಒಂದೇ ಜಿಲ್ಲೆಯೊಳಗಿದ್ದುವು. 1956ರವರೆಗೂ ಹಾಗೆಯೇ ಇದ್ದುವು. ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆಯ ರಾಣಿಯೊಬ್ಬಳು ಸಂಸ್ಕೃತ ಕಲಿಯುವುದನ್ನು ಕಂಡು ಶಾಸ್ತ್ರಿಗಳು ಬೆರಗಾದರು. ಊರಿಗೆ ಮರಳಿ ತಮ್ಮ ಮೊದಲ ಪತ್ನಿಗೆ ಪಾಠ ಹೇಳಹೋದರೆ ಅದು ಸಾಗಲಿಲ್ಲ. ಆಕೆ ತೀರಿಕೊಂಡ ಮೇಲೆ ಅವರು ಯಾತ್ರೆಗೆ ಹೊರಟರು. ಗೋದಾವರಿಯ ತೀರದಲ್ಲಿ ಸ್ನಾನಕ್ಕಿಳಿದಿದ್ದಾಗ, ಹೆಂಡತಿ ಮಕ್ಕಳೊಡನೆ ಬಂದಿದ್ದ ಮತ್ತೊಬ್ಬ ಯಾತ್ರಿಕ ಬ್ರಾಹ್ಮಣ ಅವರನ್ನು ಕಂಡು, ಕುಲಗೋತ್ರ ವಿಚಾರಿಸಿ, ತನ್ನ ಮಗಳನ್ನು ಕೊಡುವೆನೆಂದ. ವರನಿಗೆ 44 ವರ್ಷ, ವಧುವಿಗೆ 9. ಮರುದಿನವೇ ಮದುವೆ. ತಂದೆ ಹಗುರಾದ ಮನಸ್ಸಿನಿಂದ ಯಾತ್ರೆಯನ್ನು ಮುಂದುವರಿಸಿದ. ಹುಡುಗಿ ಸುಮಾರು 900 ಮೈಲಿ ದೂರ, ಭಾಷೆಯೂ ತಿಳಿಯದ ನಾಡಿಗೆ ಬಂದಳು.

ಶಾಸ್ತ್ರಿಗಳು ಆಕೆಗೆ ಓದು ಹೇಳತೊಡಗಿದರು. ಮನೆಯವರ ವಿರೋಧ ತಾಳಲಾರದೆ ಗಂಗಾಮೂಲದ ಕಾಡಿಗೆ ಹೋದರು. ಮೊದಲ ರಾತ್ರಿ ಸೂರಿಲ್ಲ. ಕಣಿವೆಯಾಚೆ ಹುಲಿ ಗರ್ಜಿಸುತ್ತಿದ್ದರೆ ಬಾಲವಧು ದುಪ್ಪಟಿಯಲ್ಲಿ ಮುದುಡಿ ನಡುಗುತ್ತಿದ್ದಳು. ಗಂಡ ಬೆಳಗಾಗುವವರೆಗೆ ಕಾವಲು ಕುಳಿತಿದ್ದರು. ಅಂತಹ ಕಾಡಿನಲ್ಲಿ ಮನೆ ಎದ್ದಿತು, ಪಾಠವೂ ಸಾಗಿತು. ಹೆಂಗಸಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯಲ್ಲಿ ಸಮಾಧಾನ ಹೇಳಬೇಕಾಯಿತು. 1858ರಲ್ಲಿ ರಮಾ ಅಲ್ಲಿಯೇ ಹುಟ್ಟಿದಳು. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಹೊರಿಸಿಕೊಂಡು ಕುಟುಂಬ ಬೆಟ್ಟವಿಳಿಯಿತು. ಆಮೇಲೆ ಅವರಿಗೆ ನೆಲೆಯಾದ ಮನೆಯೆಂಬುದಿಲ್ಲ, ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆದಾಟ.

ಆ ಅಲೆದಾಟದಲ್ಲಿಯೂ ಮಗಳಿಗೆ ಗುರುವಾದವಳು ಲಕ್ಷ್ಮೀಬಾಯಿಯೇ. ದಿನವೆಲ್ಲ ಗೃಹಕೃತ್ಯ, ಆದ್ದರಿಂದ ಹಕ್ಕಿ ಉಲಿಯುವ ಹೊತ್ತಿಗೇ ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿ ಪಾಠ. ಕೈಯಲ್ಲಿ ಪುಸ್ತಕವಿಲ್ಲ, ತಾಯಿ ಹೇಳಿದುದನ್ನು ಮಗಳು ಹೇಳಬೇಕು. ಅಧ್ಯಾಪಕರಾದ ನಮಗೆ ಇದಕ್ಕಿಂತ ಹತ್ತಿರದ ಚಿತ್ರ ಬೇರೊಂದು ಬೇಕಿಲ್ಲ. 1874ರಲ್ಲಿ ಕ್ಷಾಮದ ನಡುವೆ ಶಾಸ್ತ್ರಿಗಳು ತೀರಿಕೊಂಡರು. ಕೆಲವೇ ವಾರಗಳಲ್ಲಿ ಲಕ್ಷ್ಮೀಬಾಯಿಯೂ ಹಾಸಿಗೆ ಹಿಡಿದಳು. ರಮಾ ನೆರೆಮನೆಯ ಬಾಗಿಲಿಗೆ ಹೋಗಿ, ನಾಚಿಕೆಯಿಂದ ಮಾತು ಹೊರಡದೆ, ಒಂದು ತುಂಡು ಸಜ್ಜೆಯ ರೊಟ್ಟಿ ಬೇಡಿ ತಂದಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ.

ಗಂಡಸರ ವಂಶವೃಕ್ಷದಲ್ಲಿ ಈ ಕೊಂಬೆ ಕಾಣುವುದಿಲ್ಲ. ಹೆಂಗಸರ ಕಡೆಯಿಂದ ಎಣಿಸಿದರೆ ಲಕ್ಷ್ಮೀಬಾಯಿಯ ಮಗಳು ರಮಾಬಾಯಿ, ರಮಾಬಾಯಿಯ ಮಗಳು 1881ರಲ್ಲಿ ಹುಟ್ಟಿದ ಮನೋರಮಾ. ತಾಯಿ ಮಗಳು ಕೂಡಿ 1910ರ ದಶಕದಲ್ಲಿ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಕನ್ನಡ ನಾಡಿಗೆ ಒಂಬತ್ತು ವರ್ಷದವಳಾಗಿ ಬಂದವಳ ಮೊಮ್ಮಗಳು ಹೀಗೆ ಮತ್ತೆ ಕನ್ನಡ ನಾಡಿಗೇ ಬಂದಳು.

ರಮಾಬಾಯಿಯವರು 1887ರಲ್ಲಿ ಅಮೆರಿಕದಲ್ಲಿ ಅಚ್ಚುಮಾಡಿಸಿದ ತಮ್ಮ ಇಂಗ್ಲಿಷ್ ಪುಸ್ತಕವನ್ನು ತಾಯಿಯ ನೆನಪಿಗೆ ಅರ್ಪಿಸಿದ್ದಾರೆ. ಅರ್ಪಣೆಯ ಆ ಪುಟದಲ್ಲಿಯೂ ಆಕೆ ಲಕ್ಷ್ಮೀಬಾಯಿ ಡೋಂಗ್ರೆ. ಅಲ್ಲಿರುವುದು ಗಂಡನ ಮನೆಯ ಹೆಸರು. ಗೋದಾವರಿಯ ದಡದಲ್ಲಿ ಬಿಟ್ಟುಬಂದ ಮನೆಯದಲ್ಲ.