ಗಣನಯಂತ್ರಗಳಲ್ಲಿ ಮಿತವ್ಯಯ: ಒಂದು ಚಾರಿತ್ರಿಕ ವಿವೇಚನೆ

ಗಣನಯಂತ್ರವು ವ್ಯಯಿಸುವ ವಿದ್ಯುತ್ತು ಯಂತ್ರನಿರ್ಮಾಪಕರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂಬ ಭಾವನೆ ಸಾಮಾನ್ಯವಾಗಿರುವುದು. ಯಂತ್ರವನ್ನು ನಡೆಯಿಸುವ ತಂತ್ರಾಂಶವೂ ಈ ವ್ಯಯಕ್ಕೆ ಹೊಣೆಯೆಂಬುದು ಚರಿತ್ರೆಯಿಂದ ತಿಳಿಯಬರುತ್ತದೆ.

1946ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದುವು. ಅದಕ್ಕೆ ಸುಮಾರು 150 ಕಿಲೊವಾಟ್ ವಿದ್ಯುತ್ತು ಬೇಕಾಗುತ್ತಿದ್ದಿತು. ಯಂತ್ರದ ಕಾಲವು ದುರ್ಲಭವಾಗಿದ್ದ ಆ ದಿನಗಳಲ್ಲಿ ಕಡಮೆ ಹೆಜ್ಜೆಗಳಲ್ಲಿ ಲೆಕ್ಕವನ್ನು ಮುಗಿಸುವುದು ಅನಿವಾರ್ಯವಾಗಿತ್ತು.

ಇಂತಹ ಮಿತವ್ಯಯಕ್ಕೆ ಉತ್ತಮ ನಿದರ್ಶನವು 1960ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ದೊರೆಯಿತು. ಶಾಲೆಗಳಲ್ಲಿ ಕಲಿಸುವ ಗುಣಾಕಾರಕ್ರಮಕ್ಕಿಂತ ತತ್ತ್ವತಃ ಮೇಲಾದುದು ಇರಲಾರದೆಂದು ಗಣಿತಜ್ಞ ಕೋಲ್ಮೊಗೊರೊವ್ ತಮ್ಮ ವಿದ್ವದ್ಗೋಷ್ಠಿಯಲ್ಲಿ ಊಹಿಸಿದರು. ಅದನ್ನು ಕೇಳಿದ ಅನಾತೊಲಿ ಕರತ್ಸುಬಾ ಎಂಬ 23 ವರ್ಷದ ತರುಣರು ಒಂದು ವಾರದೊಳಗೆ ಆ ಊಹೆ ನಿಲ್ಲದೆಂದು ಸಾಧಿಸಿದರು. ಪ್ರತಿಯೊಂದು ಸಂಖ್ಯೆಯನ್ನೂ ಎರಡು ಭಾಗಗಳಾಗಿ ಒಡೆದಾಗ, ನಾಲ್ಕು ಗುಣಾಕಾರಗಳಿಗೆ ಬದಲಾಗಿ ಮೂರೇ ಸಾಕೆಂಬುದು ಅವರ ಉಪಾಯ. 1,024 ಅಂಕಿಗಳ ಎರಡು ಸಂಖ್ಯೆಗಳನ್ನು ಹಳೆಯ ಕ್ರಮದಿಂದ ಗುಣಿಸಲು 10,48,576 ಬಿಡಿ ಗುಣಾಕಾರಗಳು ಬೇಕು. ಹೊಸ ಕ್ರಮವನ್ನು ಕೊನೆಯವರೆಗೆ ಅನುಸರಿಸಿದರೆ 59,049 ಸಾಕು. ಕೂಡುವ ಕಳೆಯುವ ಕೆಲಸ ಹೆಚ್ಚುವುದಾದರೂ, ದೊಡ್ಡ ಸಂಖ್ಯೆಗಳಲ್ಲಿ ಲಾಭವೇ ಅಧಿಕ. ಇಲ್ಲಿ ಯಂತ್ರವು ಬದಲಾಗಲಿಲ್ಲ. ವಿಧಾನ ಮಾತ್ರ ಬದಲಾಯಿತು.

ಯಂತ್ರಗಳು ಅಗ್ಗವೂ ಶೀಘ್ರವೂ ಆದಂತೆ ಈ ಎಚ್ಚರವು ಸಡಿಲವಾಯಿತು. ಯಂತ್ರದ ವೇಗವೃದ್ಧಿಯನ್ನೆಲ್ಲ ತಂತ್ರಾಂಶದ ಸ್ಥೌಲ್ಯವು ನುಂಗುತ್ತಿದೆಯೆಂದು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲಿ ಆಕ್ಷೇಪಿಸಿದರು. ಇದಕ್ಕೆ ಒಂದು ವರ್ಷ ಮೊದಲೇ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ತಿವಾರಿ, ಮಲಿಕ್, ವುಲ್ಫ್ ಎಂಬ ವಿದ್ವಾಂಸರು ಯಂತ್ರದ ಒಂದೊಂದು ಆದೇಶವೂ ಎಷ್ಟು ವಿದ್ಯುತ್ತನ್ನು ಸೆಳೆಯುವುದೆಂಬುದನ್ನು ಅಳೆದು ತೋರಿಸಿದ್ದರು. 2020ರಲ್ಲಿ ಲೈಸರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಉದಾಹರಣೆ ಇನ್ನೂ ವಿಸ್ಮಯಕರ: ಪೈಥಾನ್ ಭಾಷೆಯಲ್ಲಿ ಸರಳವಾಗಿ ಬರೆದಾಗ ಸುಮಾರು 7 ಗಂಟೆ ಹಿಡಿದ ಒಂದು ಲೆಕ್ಕವು, ಅದೇ ಯಂತ್ರದ ಸಾಮರ್ಥ್ಯವನ್ನೆಲ್ಲ ಅರಿತು ತಿದ್ದಿ ಬರೆದಾಗ ಅರ್ಧ ಸೆಕೆಂಡಿನೊಳಗೆ ಮುಗಿಯಿತು.

ಇಷ್ಟರಿಂದಲೇ ವ್ಯಯವು ತಗ್ಗುವುದೆಂದು ನಿರ್ಣಯಿಸಲಾಗದು. ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಉಗಿಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಬಳಕೆ ಹೆಚ್ಚಿತೇ ಹೊರತು ತಗ್ಗಲಿಲ್ಲವೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಎಚ್ಚರಿಸಿದ್ದರು. ಗಣನೆಯು ಸುಲಭವಾದಷ್ಟೂ ಗಣಿಸಬೇಕೆಂಬ ಆಸೆ ಬೆಳೆಯುವುದು. ಆದುದರಿಂದ ತಂತ್ರಾಂಶದ ಮಿತವ್ಯಯವು ಪರಿಸರರಕ್ಷಣೆಗೆ ಅವಶ್ಯಸಾಧನವೇ ಆದರೂ, ಬೇಡಿಕೆಗೆ ಮಿತಿಯಿಲ್ಲದಿದ್ದಲ್ಲಿ ಅದೊಂದೇ ಪರ್ಯಾಪ್ತಸಾಧನವಾಗಲಾರದು.